ಸಿಗರೇಟು ಪ್ಯಾಕಿನ ಅಳತೆ

ಮಾರ್ಚ್ ೧೮, ಮಂಗಳವಾರ. ಮಾಯೆಬಾಶಿ.

ಎರಡು ಮಿಲಿಮೀಟರ್. ನನ್ನ ಮನಶ್ಶಾಂತಿ ಈಗ ಅಷ್ಟರ ಮೇಲೆ ನಿಂತಿದೆ.

ಮೂರು ತಿಂಗಳು ಕ್ಯಾಟಲಾಗ್ ತಿರುವಿ, ಮಗನಿಗೆ ಹೆಣ್ಣು ನೋಡುವವನಂತೆ ಕೊಂಕು ತೆಗೆದು, ಕೊನೆಗೆ ನನ್ನ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರಿಗೆ ಎರಡನ್ನು ಆರಿಸಿದ್ದೆ: ಕಾರನ್ನು ತಗ್ಗಿಸುವ ಸ್ಪ್ರಿಂಗು, ಬಂಪರಿನ ಕೆಳಗೆ ಅಂದಕ್ಕೆ ಕೂರುವ, 'ತುಟಿ' ಎಂದು ಕರೆಯುವ ಕಪ್ಪು ಅಂಚು. ನಾಳೆ ಸರ್ಕಾರಿ ತಪಾಸಣೆ. ಕಾರು ನೆಲದಿಂದ ಒಂಬತ್ತು ಸೆಂಟಿಮೀಟರ್ ಮೇಲಿರಬೇಕು. "ಫೇಲಾದ್ರೆ ಮಾರ್ಬಿಡ್ಬೇಕು, ಅಷ್ಟೇ," ಎಂದು ಹೆಂಡತಿ ಚಿಜುರು ತೀರ್ಪು ಕೊಟ್ಟಿದ್ದಾಳೆ. ಆ ನ್ಯಾಯಾಲಯದಲ್ಲಿ ಮೇಲ್ಮನವಿಗೆ ಅವಕಾಶವಿಲ್ಲ.

ಅವೆರಡನ್ನೂ ಕೂರಿಸಿದ ಗ್ಯಾರೇಜಿನ ಕುರಮೊಚಿ, ಪ್ಯಾಕಿನ ಎತ್ತರ ಸರಿಯಾಗಿ ಒಂಬತ್ತು ಎಂದು ನಂಬಿ, ಸಿಗರೇಟು ಪ್ಯಾಕನ್ನು ನೆಟ್ಟಗೆ ನಿಲ್ಲಿಸಿ ತುಟಿಯ ಕೆಳಗೆ ತೂರಿಸಿದ್ದ. ಅದು ಉಜ್ಜಿಕೊಂಡೇ ಹೋಯಿತು.

"ನೋಡಿ ಕೊಗುರೆಸಾನ್, ತೂರ್ತು! ನಮ್ಮಪ್ಪನೂ ಹೀಗೇ ಅಳೀತಿದ್ರು."

ಸಂಜೆ ಅನುಮಾನ ಬಂದು ಪ್ಯಾಕನ್ನೇ ಅಳೆದೆ. ಎಂಟು ಪಾಯಿಂಟ್ ಎಂಟು. ಕಾರಿನ ಕೆಳಗೆ ಬೋರಲು ಬಿದ್ದು ತುಟಿಗೂ ಅಳತೆಪಟ್ಟಿ ಹಿಡಿದೆ: ಅದೂ ಅಷ್ಟೇ. ಅಪ್ಪ, ಮಗ, ಪ್ಯಾಕು ಮೂವರೂ ಸೇರಿ ನನ್ನನ್ನು ಮುಳುಗಿಸಿದ್ದರು.

ಚಿಜುರು ಬಾಗಿಲಲ್ಲಿ ನಿಂತಿದ್ದಳು. "ಎಷ್ಟು ಕಮ್ಮಿ?"

"ಎರಡು ಮಿಲಿಮೀಟರ್."

"ನೀವು ಕಾರಿಂದ ಇಳಿದ್ರೆ ಅದು ಎರಡಿಂಚು ಏಳತ್ತೆ ಬಿಡಿ."

ಅಳೆದಾಗ ಒಳಗೆ ಯಾರೂ ಕೂತಿರಲಿಲ್ಲ ಎನ್ನುವ ಧೈರ್ಯವಾಗಲಿಲ್ಲ.

ತುಟಿ ಬಿಚ್ಚಿದರೆ ಕಾರು ಉಳಿಯುತ್ತದೆ. ಆದರೆ ಹಲ್ಲಿನ ಸೆಟ್ಟು ತೆಗೆದಿಟ್ಟ ಮುದುಕನಂತೆ ಕಾಣುತ್ತದೆ. ಊಟವಾದ ಮೇಲೂ ನಿರ್ಧಾರವಾಗದೆ ಇದನ್ನು ಬರೆಯುತ್ತ ಕೂತೆ. ಈಗಷ್ಟೇ ಹೊರಗಿನಿಂದ ಕೂಗು ಬಂತು: "ಬಿಚ್ಚೋದಿದ್ರೆ ಬೇಗ ಬನ್ನಿ, ಚಳಿ! ಎಷ್ಟೊತ್ತು ಟಾರ್ಚ್ ಹಿಡ್ಕೊಂಡು ನಿಂತಿರ್ಲಿ?"

ಕಿಟಕಿಯಿಂದ ನೋಡಿದೆ. ಮಾರಿಬಿಡಿ ಎಂದಿದ್ದ ನ್ಯಾಯಾಧೀಶೆ ಮಂಡಿಯೂರಿ ತುಟಿಯ ತಿರುಪುಗಳನ್ನು ಎಣಿಸುತ್ತಿದ್ದಾಳೆ. ಹದಿನಾಲ್ಕಂತೆ. ಹೋಗದಿದ್ದರೆ ಅವಳೇ ಬಿಚ್ಚಿಬಿಡುತ್ತಾಳೆ; ಪೆನ್ನು ಇಟ್ಟು ಹೊರಟೆ.