ಕುಂಕುಮ ಹಚ್ಚಿದ ವೈನಿನ ಡಬ್ಬಿ

ವಾಡಿ, ೧೨ ಫೆಬ್ರವರಿ ೨೦೦೬

ಹಡಗಿನ ಮೇಲಿರುವ ನನ್ನ ತಮ್ಮ ಅಮರನಾಥನಿಗೆ ಅಕ್ಕ ಸುನಿತಾ ಮಾಡುವ ಆಶೀರ್ವಾದಗಳು.

ಮೈಗೆ ಹುಷಾರಿದ್ದೀಯಾ? ಹಡಗಿನ ಅಡುಗೆಮನೆಯ ಹೊಗೆಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ನನಗೆ ಹೋದ ವಾರ ಕೆಟ್ಟ ಕನಸು ಬಿದ್ದಿತ್ತು. ನೀನು ಕಳಿಸಿದ ಡಬ್ಬಿ ಉಬ್ಬಿ ಒಡೆದು, ಕೆಂಪು ನೀರು ನಮ್ಮ ಖಾನಾವಳಿಯ ಹೊಸ್ತಿಲು ದಾಟಿ ಸ್ಟೇಷನ್ನಿನ ತನಕ ಹರಿದಿತ್ತು, ಅದರ ಗುರುತು ಹಿಡಿದು ಪೊಲೀಸರು ಬಂದಿದ್ದರು. ಎದ್ದವಳೇ ಹೋಗಿ ಡಬ್ಬಿ ಮುಟ್ಟಿ ನೋಡಿದೆ, ಒಣಗಿಯೇ ಇತ್ತು.

ಡಬ್ಬಿಯಲ್ಲಿರುವ ದ್ರಾಕ್ಷಿಪಾಕಕ್ಕೆ ನೀರು, ಹುಳಿ ಬರಿಸುವ ಪುಡಿ ಹಾಕಿ ತಿಂಗಳು ಇಟ್ಟರೆ ವೈನು, ಮಾರಿರಿ ಎಂದು ನೀನು ಬರೆದೆ. ನಿನ್ನ ಭಾವ ವೈನು ಮಾರುತ್ತೇವೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದರು. ನನಗೆ ಮಾತ್ರ ಅನುಮಾನ ಬಂತು. ಬಸ್ಸು ಹತ್ತಿ ಚಿತ್ತಾಪುರದ ಅಬಕಾರಿ ಕಚೇರಿಗೆ ಹೋಗಿ ಕೇಳಿದೆ. ಅಲ್ಲಿನ ಗುಮಾಸ್ತ ಅಮೃತಪ್ಪನವರು, "ಡಬ್ಬಿ ತಗೊಂಡ್ರ ಲೈಸೆನ್ಸ್ ಬಂದಂಗ ಅಲ್ಲರೀ ಅಕ್ಕಾರ. ಮಾಡ್ಲಿಕ್ಕೂ ಬೇಕು, ಮಾರ್ಲಿಕ್ಕೂ ಬೇಕು. ಎಷ್ಟು ನಶಾ ಅದ ಅಂತ ಪರೀಕ್ಷಾ ಆಗ್ಬೇಕು, ಬಾಟ್ಲಿಗೆ ಚೀಟಿ ಬೇಕು. ಇಲ್ಲಂದ್ರ ಖಾನಾವಳಿಗೆ ಕೀಲಿ ಬೀಳ್ತದ" ಎಂದರು. ಬಂದು ಹೇಳಿದರೆ ಇವರು, "ಆರನೇ ಕ್ಲಾಸಿಗೆ ಸಾಲಿ ಬಿಟ್ಟಾಕಿ, ನಿನಗೇನ ಕಾಯ್ದಾ ತಿಳೀತದ?" ಎಂದು ನಕ್ಕರು. ದಸರೆಗೆ ಒಲೆ, ಈಳಿಗೆಗಳ ಜೊತೆ ಡಬ್ಬಿಯನ್ನೂ ಇಟ್ಟು, ಮುಚ್ಚಳದ ಸಂದಿಗೆ ಸುತ್ತಲೂ ಅರಿಶಿನ ಕುಂಕುಮ ಮೆತ್ತಿ, ನೂಲು ಸುತ್ತಿ ಪೂಜೆ ಮಾಡಿದೆ. ಲೈಸೆನ್ಸ್ ಬರುವ ತನಕ ಇದು ದೇವರದು, ಮುಟ್ಟಬೇಡಿರಿ ಎಂದೆ. "ಹೆಂಡಕ್ಕೂ ಪೂಜಿ ಮಾಡ್ತಾಳ ಹುಚ್ಚಿ" ಎಂದರು, ಆದರೂ ಮುಟ್ಟಲಿಲ್ಲ.

ಸೋಮವಾರ ಅಬಕಾರಿಯವರು ಬಂದೇಬಿಟ್ಟರು! ವೈನು ಮಾರುತ್ತೀರಂತೆ, ದೂರು ಬಂದಿದೆ ಎಂದರು. ಊಟಕ್ಕೆ ಕುಳಿತವರು ಎಲೆ ಬಿಟ್ಟು ಎದ್ದರು. ಇವರು ಅಡುಗೆಮನೆಗೆ ಸರಿದರು. ನಾನೇ ಡಬ್ಬಿ ಇಳಿಸಿದೆ. ಕುಂಕುಮ ಒಂದು ಕಡೆಯೂ ಬಿರುಕು ಬಿಟ್ಟಿರಲಿಲ್ಲ, ನೂಲಿನ ಮೇಲೆ ಧೂಳು ಕೂತಿತ್ತು. ಅಮೃತಪ್ಪನವರು ಹೇಳಿದ್ದನ್ನೆಲ್ಲ ಬಾಯಿಪಾಠದ ಹಾಗೆ ಒಪ್ಪಿಸಿದೆ. ಸಾಹೇಬರು ಡಬ್ಬಿಯನ್ನು ಸುತ್ತ ತಿರುಗಿಸಿ, "ಏನವ್ವಾ, ನಮ್ಮ ಅರಗಿನ ಸೀಲೂ ಇಷ್ಟು ಗಟ್ಟಿ ಇರಂಗಿಲ್ಲಲ್ಲ!" ಎಂದು ನಕ್ಕು, ಚಹಾ ಕುಡಿದು, ತಪ್ಪಿಲ್ಲ ಎಂದು ಬರೆದುಕೊಟ್ಟು ಹೋದರು. ಪಕ್ಕದ ಪಾನ್ ಅಂಗಡಿಯ ಲಾಲ್ ಅಹ್ಮದ್, "ಇನ್ನ ಮ್ಯಾಲ ನಮ್ಮ ವಕೀಲ ನೀವೇರಿ ಅಕ್ಕಾ" ಎಂದು ನನಗೆ ಎಲ್ಲರೆದುರು ಸಲಾಮು ಹೊಡೆದ. ಆ ಕಾಗದಕ್ಕೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದ್ದೇನೆ. ಇವರು ಈಗ ಉಪ್ಪು ತರಬೇಕಾದರೂ ನನ್ನನ್ನು ಕೇಳುತ್ತಾರೆ!

ಹೊತ್ತಿಗೆ ಸರಿಯಾಗಿ ಉಣ್ಣು, ಅಲೆ ಎದ್ದಾಗ ಅಂಚಿಗೆ ನಿಲ್ಲಬೇಡ.

ನಿನ್ನ ಅಕ್ಕ,
ಸುನಿತಾ

ತಾ.ಕ.: ನೀನು ಕಳಿಸಿದ ರೈಲ್ವೆ ಪಾರ್ಸೆಲ್ಲಿನ ರಸೀದಿ ಇವತ್ತು ಇವರ ಹಳೆ ಅಂಗಿಯ ಜೇಬಿನಲ್ಲಿ ಸಿಕ್ಕಿತು. ಡಬ್ಬಿ ಎರಡು ಎಂದು ಬರೆದ ಹಾಗಿದೆ. ಸ್ಟೇಷನ್ನಿನಿಂದ ಇವರು ಮನೆಗೆ ತಂದದ್ದು ಒಂದೇ. ಒಂದು ತಿಂಗಳಿಂದ ವಾರಕ್ಕೆರಡು ಸಲ ತೆಂಗಳಿ ಊರಿನ ತಮ್ಮ ಅಕ್ಕನ ಮನೆಗೆ ಹೋಗುತ್ತಾರೆ, ಕೇಳಿದರೆ ಹೊಲ ನೋಡಲು ಎನ್ನುತ್ತಾರೆ. ಆ ಹೊಲ ಮಾರಿ ಮೂರು ವರ್ಷವಾಯಿತು. ನಿನ್ನ ಹತ್ತಿರ ಇರುವ ಚೀಟಿ ಇನ್ನೊಮ್ಮೆ ನೋಡಪ್ಪ, ನೀನು ಕಳಿಸಿದ್ದು ಒಂದೋ ಎರಡೋ?