ಔಷಧಿ ವಾಸನೆಯ ಕಾಫಿ

ಅಪ್ಪ,

ಇದನ್ನು ನಿಮ್ಮೊಬ್ಬರಿಗೇ ಹೇಳಬೇಕೆನಿಸಿತು. ನೀವಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ನಿಮ್ಮ ಮೊಮ್ಮಗಳು ತಲಿತಾ ಡಿಗ್ರಿ ಮುಗಿಸಿ ಇಲ್ಲೇ ಸಾಂಟೋಸ್ ಬಂದರಿನ ಒಂದು ಕಾಫಿ ರಫ್ತು ಕಂಪನಿ ಸೇರಿದ್ದಾಳೆ. ಖರೀದಿ, ಮಾರಾಟ ಕಲಿಯುವ ಮೊದಲು ರುಚಿ ನೋಡುವ ಮೇಜಿನ ಬಳಿ ನಿಲ್ಲಬೇಕು, ನೀವು ನಿಂತ ಹಾಗೆ. ಎಲ್ಲರೂ ಹೀರಿ ಉಗುಳುವವರೆಗೆ ಯಾರೂ ಮಾತಾಡಬಾರದೆಂಬ ನಿಯಮವನ್ನು ನಿಮಗೆ ಹೇಳಬೇಕಿಲ್ಲ. ಇವತ್ತು ಬೆಳಿಗ್ಗೆ ಅವಳು ಅದನ್ನೇ ಮರೆತು, "ಅಯ್ಯೋ, ಇದರಲ್ಲಿ ಔಷಧಿ ವಾಸನೆ!" ಎಂದುಬಿಟ್ಟಳಂತೆ.

"ಏನಮ್ಮಾ, ಯೂನಿವರ್ಸಿಟೀಲಿ ಬಾಯಿ ಮುಚ್ಕೊಳ್ಳೋದು ಕಲಿಸಲಿಲ್ವಾ?" ಎಂದರಂತೆ ಅವಳ ಮೇಲಧಿಕಾರಿ ಅಡೆಮಾರ್. ಎಲ್ಲರೂ ನಕ್ಕರು. ಒಬ್ಬರು ಹೇಳಿದ್ದು ಉಳಿದವರ ನಾಲಿಗೆಗೂ ಅಂಟುತ್ತದೆಂದು ಮತ್ತೆ ಹೊಸದಾಗಿ ಕಾಫಿ ಮಾಡಿದರು. ಮತ್ತೆ ಒಂದು ಬಟ್ಟಲಲ್ಲಿ ಅವಳಿಗೆ ಅದೇ ವಾಸನೆ. ಅಂಥ ಒಂದೇ ಬಟ್ಟಲು ಸಿಕ್ಕರೂ ಆ ಮೂಟೆಗಳನ್ನು ಕಳಿಸಬಾರದೆಂದು ನಿಮಗೆ ಗೊತ್ತೇ ಇದೆ. ಆದರೆ ಎಲ್ಲರೂ ಚೆನ್ನಾಗಿದೆ ಎಂದಾಗ ಇವಳೂ ಹಾಗೇ ಅಂದಳು.

ಮಧ್ಯಾಹ್ನ ಫೋನ್ ಮಾಡಿದಳು. "ಅಮ್ಮಾ, ಮೂಟೆಗಳು ಹಡಗಿಗೆ ಹೊರಟಿವೆ. ಆ ವಾಸನೆ ಮತ್ತೆ ಬಂದಿತ್ತು ಅಂತ ಈಗ ಹೋಗಿ ಹೇಳ್ಲಾ?"

"ಹೇಳು."

"ಕೆಲಸದಿಂದ ತೆಗೆದ್ರೆ?"

ಇಂಥದೇ ಮಾತಿಗೆ ನಿಮ್ಮನ್ನು ತೆಗೆದ ಸಂಜೆ ನೆನಪಾಯಿತು, ಅಪ್ಪ. ನೀವು ಬೂಟು ಬಿಚ್ಚುವ ಮೊದಲೇ ನಾನು ಕೇಳಿದ ಪ್ರಶ್ನೆಗಳೂ ನೆನಪಾದವು.

"ತೆಗೆದ್ರೆ ಸೀದಾ ಮನೆಗೆ ಬಾ. ನಾನು ಏನೂ ಕೇಳಲ್ಲ" ಎಂದೆ.

ಆಮೇಲೆ ಅವಳು ಫೋನ್ ಎತ್ತಿಲ್ಲ. ಬೀದಿಯಲ್ಲಿ ಬಸ್ಸು ನಿಂತಾಗಲೆಲ್ಲ ಎದ್ದು ಹೋಗಿ ನೋಡುತ್ತಿದ್ದೇನೆ. ಅವಳಿಗೆ ಕೊಟ್ಟ ಮಾತನ್ನು ನನ್ನಿಂದ ಉಳಿಸಿಕೊಳ್ಳಲಾದೀತೇ, ಅಪ್ಪ?