ಆಡಿಟರ್ ಹೇಳಿದ್ರಂತೆ

ಅಂಗಡಿಯ ಒಳಕೋಣೆ
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಮೊಂಡು ಮೈದುನನಿಗೆ,

ಹೇಗಿದ್ದೀಯಪ್ಪ? ಬೆನ್ನುನೋವು ಕಡಿಮೆಯಾಯ್ತಾ? ಅಲ್ಲೂ ಇಡೀ ದಿನ ಬಗ್ಗಿಕೊಂಡೇ ಮೊಳೆ ಹೊಡೀತೀಯೋ, ಇಲ್ಲ ಮೇಜು ಎತ್ತರ ಮಾಡಿಸಿಕೊಂಡೆಯೋ? ಹೇಳೋರು ಕೇಳೋರು ಇಲ್ಲ ಅಂತ ಊಟ ಬಿಡಬೇಡ. ಫೋನ್ ಮಾಡಿದ್ರೆ ಎತ್ತಲ್ಲ ನೀನು, ಅದಕ್ಕೇ ಈ ಕಾಗದ. ನಾವು ಇದ್ದೀವಿ. ಚೆನ್ನಾಗಿದ್ದೀವಿ ಅಂತ ಬರೆಯೋಕೆ ಮಾತ್ರ ಕೈ ಬರ್ತಿಲ್ಲ.

ಅಂಗಡಿ ಮುಚ್ತಾ ಇದ್ದೀವಿ ಕಣೋ. ಈ ಶನಿವಾರವೇ ಕೊನೆ. ನೀನು ಬಿಟ್ಟು ಹೋದ ಮೇಲೆ ಹಳೇ ಸೋಫಾ ರಿಪೇರಿಗೆ ತರೋರು ಒಬ್ಬೊಬ್ಬರಾಗಿ ನಿಂತೇ ಹೋದ್ರು. ನಿಮ್ಮಣ್ಣ ಹಾಕಿದ ಸ್ಪ್ರಿಂಗ್ ಮೇಲೆ ಕೂತವರು ಮತ್ತೆ ಈ ಕಡೆ ತಲೆ ಹಾಕಿಲ್ಲ. ಹೊಸ ಸೋಫಾನೇ ಮಾಡಿ ಮಾರ್ತೀನಿ ಅಂತ ದೊಡ್ಡ ಮೆಷಿನ್ ತಂದ್ರಲ್ಲ, ಅದರ ಮೇಲೆ ಈಗ ಬೆಕ್ಕು ಮಲಗುತ್ತೆ. ತಿಂಗಳಿಗೊಮ್ಮೆ ಬರೋ ಆಡಿಟರ್ ಹೋದ ವಾರ ಬಂದು ಎಲ್ಲ ನೋಡಿ, ಕನ್ನಡಕ ತೆಗೆದಿಟ್ಟು, "ಈಗಲೇ ನಿಲ್ಲಿಸಿದ್ರೆ ಮನೆಯಾದ್ರೂ ಉಳಿಯುತ್ತೆ. ಇನ್ನೂ ಎಳೆದ್ರೆ ಅದೂ ಹೋಗುತ್ತೆ" ಅಂದ್ರು.

ಇದನ್ನ ಓದಿ ನೀನು ಹಲ್ಲು ಕಡೀತೀಯ, ಗೊತ್ತು. ನನ್ನನ್ನ ಕೆಲಸದಿಂದ ಓಡಿಸಿದ ಆ ಆಡಿಟರೇ ಅಂಗಡೀನೂ ಮುಚ್ಚಿಸಿದ ಅಂತೀಯ. ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಮನೇಲಿ 'ಇಲ್ಲ' ಅನ್ನೋ ಮಾತೆಲ್ಲ ಆ ಮನುಷ್ಯನ ಹೆಸರಲ್ಲೇ ತಾನೆ ಬರ್ತಿದ್ದದ್ದು? ಕುಶನ್ ಹೊಲಿಯೋ ಅಜ್ಜ ಸಂಬಳ ಜಾಸ್ತಿ ಕೇಳಿದ್ರೆ ಆಡಿಟರ್ ಒಪ್ಪಲ್ಲ. ನನ್ನ ತಮ್ಮ ಸಾಲ ಕೇಳಿದ್ರೆ ಆಡಿಟರ್ ಬೈತಾರೆ. ಬಟ್ಟೆ ಥಾನುಗಳ ಮಧ್ಯೆ ಕೂತು ನಾನೊಂದು ಕಿಟಕಿ ಪರದೆ ಕೇಳಿದ್ರೆ ಅದಕ್ಕೂ ಆಡಿಟರೇ! ಪಾಪ, ಅವರಿಗೆ ನಮ್ಮ ಮನೆಗೆ ಕಿಟಕಿ ಇದೆ ಅಂತಾನೂ ಗೊತ್ತಿರಲಿಕ್ಕಿಲ್ಲ.

ಅವತ್ತು ನನಗೆ ತಡೆಯೋಕಾಗಲಿಲ್ಲ. ಟೀ ಲೋಟ ಅವರ ಮುಂದೆ ಕುಕ್ಕಿ ಕೇಳಿಯೇಬಿಟ್ಟೆ: "ನನ್ನ ಮೈದುನನ್ನ ಕೆಲಸದಿಂದ ತೆಗೀರಿ ಅಂತ ಹೇಳೋಕೆ ನಿಮಗೆ ಬಾಯಾದ್ರೂ ಹೇಗೆ ಬಂತು?" ಅವರು ಗಾಬರಿಯಾಗಿ ನಿಮ್ಮಣ್ಣನ ಮುಖ ನೋಡಿದ್ರು. "ನಾನಾ? ಅಂಗಡಿ ನಿಂತಿರೋದೇ ಅವರ ಕೈಮೇಲೆ, ಅರ್ಧ ಪಾಲು ಅವರ ಹೆಸರಿಗೆ ಬರೆದುಕೊಡಿ ಅಂತ ಹೇಳಿದ್ದೆನಮ್ಮಾ." ಅಂದ್ರು. ಆಮೇಲೆ, "ಅದಕ್ಕೇನಾ ಅವರು ಹೋಗೋವಾಗ ನನ್ನ ಮುಖ ನೋಡದೇ ಹೋಗಿದ್ದು?" ಅಂತ ಮೆಲ್ಲಗೆ ಕೇಳಿದ್ರು. ನಿಮ್ಮಣ್ಣ ಕೂತಿದ್ದ ಕುರ್ಚಿಯ ರೆಕ್ಸಿನ್ ಕೀಳ್ತಾ ಕೂತ್ರು. ಬಂದ ಗಿರಾಕಿಗಳೆಲ್ಲ "ನಿಮ್ಮ ತಮ್ಮನೇ ಮಾಡಲಿ" ಅಂತಿದ್ದದ್ದು ಅವರಿಗೆ ಅಷ್ಟು ಚುಚ್ಚಿತ್ತು ಅಂತ ಯಾರಿಗೆ ಗೊತ್ತಿತ್ತು? ಹೊಟ್ಟೆಕಿಚ್ಚು ತಮ್ಮದು, ಗೂಬೆ ಕೂರಿಸಿದ್ದು ಆಡಿಟರ್ ತಲೆ ಮೇಲೆ. ಆ ಕ್ಷಣ ನನಗೆ ನಿಮ್ಮಣ್ಣನ ಮುಖ ನೋಡೋಕೇ ಅಸಹ್ಯವಾಯ್ತು. ಆಮೇಲೆ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತಿದ್ದನ್ನ ನೋಡಿ ಅಳು ಬಂತು. ಕಟ್ಟಿಕೊಂಡವಳ ಕರ್ಮ, ಎರಡೂ ಆಗುತ್ತೆ.

ಮೈ ಕಡೆ ಜೋಪಾನ. ನೂರು ವರ್ಷ ಬಾಳು, ಅದರಲ್ಲಿ ನಾಲ್ಕು ದಿನ ನಮ್ಮ ಜೊತೆಗೂ ಇರು.

ನಿನ್ನ
ಅತ್ತಿಗೆ

ತಾ. ಕ.: ಕಾಗದ ಅಂಟಿಸೋಕೆ ಮುಂಚೆ ಇದೊಂದು. ನಿನ್ನೆ ನಿಮ್ಮಣ್ಣ ಆಡಿಟರ್ ಮನೆಗೇ ಹೋಗಿದ್ರಂತೆ, "ನೀವೇ ಒಂದು ಮಾತು ಹೇಳಿ ಅವನನ್ನ ಕರೆಸಿ" ಅಂತ. "ಇದನ್ನ ನೀವೇ ಹೇಳಬೇಕು" ಅಂತ ಅವರು ವಾಪಸ್ ಕಳಿಸಿದ್ದಾರೆ. ಬಂದವರು ಇನ್ನೂ ಹೇಳಿಲ್ಲ, ಹೇಳೋದೂ ಇಲ್ಲ. ಅವರು ಕರೀಲಿ ಅಂತ ಕಾದ್ರೆ ನಿನ್ನ ಆಯಸ್ಸು ಸಾಲಲ್ಲ. ಶನಿವಾರ ಬಾ. ಬಂದು ಬೈಯಿ, ಬೇಕಾದ್ರೆ ಎರಡು ಬಾರಿಸು, ನಾನು ಅಡ್ಡ ಬರಲ್ಲ. ಅಂಗಡಿ ಮುಚ್ಚೋದನ್ನ ಅವರು ಹೇಗೋ ತಡ್ಕೋತಾರೆ, ನೀನು ಬರದಿದ್ರೆ ತಡ್ಕೊಳಲ್ಲ.